ವಿತ್‌ಡ್ರಾವಲ್ ಬ್ಲೀಡ್: ಮಾತ್ರೆ ತರಿಸುವ ಸ್ರಾವ

‘ಗರ್ಭನಿರೋಧಕ ಮಾತ್ರೆ ಶುರು ಮಾಡಿದ ಮೇಲೆ ಪೀರಿಯಡ್ಸ್ ರೆಗ್ಯುಲರ್ ಆಯ್ತು’ ಎಂದು ಬರೆಯುವುದನ್ನು ಇನ್ನಾದರೂ ನಿಲ್ಲಿಸಬೇಕು. ರೆಗ್ಯುಲರ್ ಆಗಿದ್ದು ಮಾತ್ರೆಯ ಶೀಟು, ಮುಟ್ಟಲ್ಲ.

ಅಂಡ ಬಿಡುಗಡೆಯಾಗಿ, ಗರ್ಭ ನಿಲ್ಲದೆ, ಸುಮಾರು ಎರಡು ವಾರದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ತಾನಾಗಿ ಇಳಿದಾಗ ಗರ್ಭಕೋಶದ ಒಳಪದರ ಕಳಚುವುದು ಮುಟ್ಟು. ಈಸ್ಟ್ರೊಜೆನ್ ಹಾರ್ಮೋನು, ಪ್ರೊಜೆಸ್ಟಿನ್ (ಪ್ರೊಜೆಸ್ಟರಾನಿನಂತೆ ಕೆಲಸ ಮಾಡುವ ಕೃತಕ ಹಾರ್ಮೋನು) ಎರಡೂ ಇರುವ ಗರ್ಭನಿರೋಧಕ ಮಾತ್ರೆ ಅಂಡ ಬಿಡುಗಡೆಯನ್ನೇ ತಡೆಯುತ್ತದೆ. ಸಾಮಾನ್ಯವಾಗಿ 21 ದಿನ ಹಾರ್ಮೋನು, 7 ದಿನ ಬಿಡುವು. ಬಿಡುವು ಶುರುವಾದ ಎರಡು-ಮೂರು ದಿನಕ್ಕೆ ತೆಳುವಾದ ಪದರ ಕಳಚುತ್ತದೆ. ಇದೇ ವಿತ್‌ಡ್ರಾವಲ್ ಬ್ಲೀಡ್. ಸರ್ಕಾರಿ ಆಸ್ಪತ್ರೆಯ ಮಾಲಾ-ಎನ್ ಶೀಟಿನಲ್ಲಿ 28 ಮಾತ್ರೆ ಇವೆಯಲ್ಲ ಎನ್ನುವವರಿಗೆ: ಕೊನೆಯ 7 ಬರೀ ಕಬ್ಬಿಣಾಂಶದವು. ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡಲು ನುಂಗಿದ ನಾರೆಥಿಸ್ಟೆರಾನ್ ನಿಲ್ಲಿಸಿದಾಗ ಬರುವುದೂ ಈ ಬಗೆಯದೇ. ಹಾಗೆ ನುಂಗುವ ಮಾತ್ರೆಯನ್ನು ಗರ್ಭನಿರೋಧಕವೆಂದು ನಂಬಿ ಕೂರಬಾರದು.

ಶೀಟಿನ ಸ್ರಾವದ ದಿನಾಂಕವನ್ನು ಆ್ಯಪ್‌ಗೆ ತುಂಬಿ ‘ಫಲವತ್ತಾದ ದಿನ’ ಹುಡುಕುವುದು ವ್ಯರ್ಥ. ಬಿಡುವಿಲ್ಲದೆ ಮುಂದಿನ ಶೀಟು ಶುರು ಮಾಡಿದರೆ ‘ಕೆಟ್ಟ ರಕ್ತ’ ಒಳಗೇ ಕಟ್ಟಿಕೊಳ್ಳುತ್ತದೆಂಬ ಭಯವೂ ಅಷ್ಟೇ. ಕಟ್ಟಿಕೊಳ್ಳಲು ಪದರ ದಪ್ಪವಾಗಿ ಬೆಳೆದಿರುವುದೇ ಇಲ್ಲ.

ಹಾಗಾದರೆ ಪಿಸಿಓಡಿಗೆ (ಹಾರ್ಮೋನು ಏರುಪೇರಾಗಿ ಅಂಡ ಬಿಡುಗಡೆ ತಪ್ಪುವ ತೊಂದರೆ) ಈ ಮಾತ್ರೆಯನ್ನೇಕೆ ಬರೆದುಕೊಡುತ್ತಾರೆ? ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಈಸ್ಟ್ರೊಜೆನ್ ಒಂದೇ ಕೆಲಸ ಮಾಡಿ ಒಳಪದರ ದಪ್ಪವಾಗುತ್ತ ಹೋಗುತ್ತದೆ. ಅದರಿಂದ ಎಡೆಬಿಡದ ಸ್ರಾವ, ವರ್ಷಗಟ್ಟಲೆ ಬಿಟ್ಟರೆ ಕ್ಯಾನ್ಸರಿನ ಅಪಾಯವೂ ಉಂಟು. ಮಾತ್ರೆಯ ಪ್ರೊಜೆಸ್ಟಿನ್ ಇದನ್ನು ತಡೆಯುತ್ತದೆ, ಮೊಡವೆ ಮತ್ತು ಮುಖದ ಕೂದಲೂ ನಿಧಾನಕ್ಕೆ ತಗ್ಗುತ್ತವೆ. ಮುಟ್ಟು ತಪ್ಪುತ್ತಿರುವ ಮೂಲ ಕಾರಣ ಮಾತ್ರ ಹಾಗೇ ಇರುತ್ತದೆ. ಆದ್ದರಿಂದ ಗರ್ಭ ಪರೀಕ್ಷೆ, ಟಿಎಸ್‌ಎಚ್ (ಥೈರಾಯ್ಡ್), ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ಪರೀಕ್ಷೆ ಮೊದಲೇ ಮಾಡಿಸಬೇಕು. ಮಾತ್ರೆ ನುಂಗುತ್ತಿರುವಾಗ ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೋಸ್ಟೆರಾನ್ ಹಾರ್ಮೋನುಗಳ ಮಟ್ಟ ನೋಡಿಸಿದರೆ ದುಡ್ಡು ದಂಡ. ಕಣ್ಮುಂದೆ ಮಿಂಚು ಕಾಣುವ ಮೈಗ್ರೇನ್, ಹಿಂದೆ ರಕ್ತ ಹೆಪ್ಪುಗಟ್ಟಿದ್ದು, ಏರಿದ ಬಿಪಿ, 35 ದಾಟಿದ ಮೇಲೂ ಸಿಗರೇಟು: ಇವಿದ್ದವರಿಗೆ ಈಸ್ಟ್ರೊಜೆನ್ ಮಾತ್ರೆ ಬೇಡ.

ಮಾತ್ರೆ ನುಂಗಿದರೆ ‘ಮುಂದೆ ಮಕ್ಕಳಾಗಲ್ಲ’ ಎಂಬುದಂತೂ ಸುಳ್ಳು. ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ 1ರಿಂದ 3 ತಿಂಗಳೊಳಗೆ ಅಂಡ ಬಿಡುಗಡೆ ಮರಳುತ್ತದೆ. ಮೊದಲ ಮುಟ್ಟು ಬರುವ ಮೊದಲೇ ಗರ್ಭ ನಿಲ್ಲಲೂಬಹುದು. ತಡವಾಗುವುದು ಅಂತರಾ ಎಂಬ ಗರ್ಭನಿರೋಧಕ ಚುಚ್ಚುಮದ್ದಿನಲ್ಲಿ. ಕೊನೆಯ ಡೋಸಿನ ನಂತರ 7ರಿಂದ 10 ತಿಂಗಳು ಹಿಡಿಯಬಹುದು, ಎರಡನ್ನೂ ಒಂದೇ ಮಾಡಿ ಮಾತನಾಡುವವರೇ ಜಾಸ್ತಿ. ಮಾತ್ರೆ ಬಿಟ್ಟ ಮೇಲೆ ಮುಟ್ಟು ಮತ್ತೆ ಏರುಪೇರಾದರೆ ಅದು ಸಾಮಾನ್ಯವಾಗಿ ಹಳೆಯ ಪಿಸಿಓಡಿಯೇ. 5 ವರ್ಷ ನುಂಗಿದ್ದರೆ ವಯಸ್ಸೂ 5 ವರ್ಷ ಏರಿರುತ್ತದೆ, ಆ ಲೆಕ್ಕವನ್ನು ಯಾರೂ ಹೇಳುವುದಿಲ್ಲ. 3 ತಿಂಗಳಾದರೂ ಮುಟ್ಟು ಬಾರದಿದ್ದರೆ ವೈದ್ಯರಲ್ಲಿಗೆ ಹೋಗಿ. ಪಿಸಿಓಡಿಯಿದ್ದು ಮಗು ಬೇಕೆನ್ನುವವರಿಗೆ ಅವರು ಸಾಮಾನ್ಯವಾಗಿ ಮೊದಲು ಕೊಡುವುದು ಲೆಟ್ರೊಜೋಲ್, 5 ದಿನದ ಕೋರ್ಸು; ಅದು ಅಂಡ ಬಿಡುಗಡೆ ಮಾಡಿಸುವ ಮಾತ್ರೆ.