ಮ್ಯಾರಥಾನ್ ಓಡುವವರಿಗೆ ಬಿಸಿಎಎ ಪುಡಿ ಬೇಕೇ?

ಪ್ರಶ್ನೆ: ಮುಲುಂಡ್‌ನಲ್ಲಿದ್ದೇನೆ. ವಯಸ್ಸು 41, ತೂಕ 70 ಕಿಲೋ. ಬರುವ ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಪೂರ್ಣ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಅಭ್ಯಾಸದಲ್ಲಿ 28 ಕಿ.ಮೀ. ದಾಟಿದರೆ ಕಾಲು ಏಳುವುದಿಲ್ಲ. ಓಡುವಾಗ ಬಿಸಿಎಎ (ಪ್ರೋಟೀನ್‌ನ ಕೆಲವು ಘಟಕಗಳ ಪುಡಿ) ಕುಡಿದರೆ ದಣಿವು ತಡವಾಗುತ್ತದೆ ಎಂದು ಜಿಮ್‌ನವರು ಒಂದು ಡಬ್ಬಿ ಕೊಡಿಸಿದ್ದಾರೆ. ನಾವು ಸಸ್ಯಾಹಾರಿಗಳು. ಈ ಪುಡಿ ನಿಜವಾಗಿಯೂ ಕೆಲಸ ಮಾಡುತ್ತದೆಯೇ?

ಉತ್ತರ: ದಣಿವನ್ನು ತಡೆಯುವ ಕೆಲಸವನ್ನಂತೂ ಮಾಡುವುದಿಲ್ಲ. ಆದರೆ ಜಿಮ್‌ನವರು ಸುಳ್ಳು ಹೇಳಿದರೆಂದೂ ನಾನು ಹೇಳುವುದಿಲ್ಲ. ಅವರ ಮಾತಿನ ಬುಡದಲ್ಲಿ ಒಂದು ಒಳ್ಳೆಯ ಊಹೆ ಇದೆ. ಅದು ಪರೀಕ್ಷೆಯಲ್ಲಿ ನಿಲ್ಲಲಿಲ್ಲ, ಅಷ್ಟೇ.

ಆ ಡಬ್ಬಿಯ ಮೋಹ ನನಗೂ ತಗುಲಿತ್ತು. ಮಾಟುಂಗಾದ ಫೈವ್ ಗಾರ್ಡನ್ಸ್ ಸುತ್ತ ಬೆಳಗಿನ ಓಟ ಶುರು ಮಾಡಿದ್ದ ಹೊಸತು. ಕಲ್ಲಂಗಡಿ ರುಚಿಯ ಪುಡಿ ತಂದೆ. ಬಾಟಲಿಯನ್ನು ಎಷ್ಟು ಕುಲುಕಿದರೂ ಅರ್ಧ ಪುಡಿ ಅಕ್ಕಿಹಿಟ್ಟಿನಂತೆ ನೀರಿನ ಮೇಲೆಯೇ ತೇಲುತ್ತಿತ್ತು. ಸಿಹಿಯ ಬೆನ್ನಿಗೇ ಒಂದು ಕಹಿ. ತೇಲುವುದು, ಕಹಿ ಎರಡೂ ಪುಡಿಯಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಸ್ವಭಾವ ಎಂದು ಆಮೇಲೆ ತಿಳಿಯಿತು. ಆದರೆ ಆ ದಿನಗಳಲ್ಲಿ, ಕಹಿ ಇದೆಯೆಂದರೆ ಮದ್ದಿನ ಗುಣವೂ ಇರಬೇಕು ಎಂದುಕೊಂಡು ಡಬ್ಬಿಯನ್ನು ತಳದವರೆಗೆ ಮುಗಿಸಿದೆ. ನಾಲಿಗೆಗೆ ಅಭ್ಯಾಸವಾಯಿತು, ಓಟದ ಸಮಯ ಇದ್ದಲ್ಲೇ ಇತ್ತು.

ಪ್ರೋಟೀನ್ ಎಂಬುದು 20 ಬಗೆಯ ಅಮೈನೋ ಆಮ್ಲಗಳ ಕಟ್ಟಡ. ಅದರಲ್ಲಿ ಒಂಬತ್ತನ್ನು ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಆ ಒಂಬತ್ತರಲ್ಲಿ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ ಮೂರರ ರಚನೆಯಲ್ಲಿ ಕವಲು ಇರುತ್ತದೆ. ಇವೇ ಬಿಸಿಎಎ (ಬ್ರಾಂಚ್ಡ್ ಚೈನ್ ಅಮೈನೋ ಆಸಿಡ್ಸ್).

ಊಹೆ 1980ರ ದಶಕದ್ದು, ಆಕ್ಸ್‌ಫರ್ಡ್‌ನ ಜೀವರಸಾಯನ ವಿಜ್ಞಾನಿ ಎರಿಕ್ ನ್ಯೂಸ್‌ಹೋಮ್ ಅವರದು. ದಣಿವು ಸ್ನಾಯುವಿನಲ್ಲಿ ಮಾತ್ರವಲ್ಲ, ಮಿದುಳಿನಲ್ಲೂ ಹುಟ್ಟುತ್ತದೆ ಎಂದರು ಅವರು. ಟ್ರಿಪ್ಟೊಫ್ಯಾನ್ ಎಂಬ ಇನ್ನೊಂದು ಅಮೈನೋ ಆಮ್ಲ ಮಿದುಳನ್ನು ಹೊಕ್ಕು ಸೆರೊಟೋನಿನ್ ಎಂಬ ರಾಸಾಯನಿಕವಾಗುತ್ತದೆ, ಅದರಿಂದ ಮಂಕು ಕವಿಯುತ್ತದೆ. ಟ್ರಿಪ್ಟೊಫ್ಯಾನ್‌ಗೂ ಬಿಸಿಎಎಗೂ ಮಿದುಳಿನೊಳಗೆ ಹೋಗಲು ಇರುವುದು ಒಂದೇ ಬಾಗಿಲು. ಸಂಜೆ ಆರು ಗಂಟೆಯ ದಾದರ್ ನಿಲ್ದಾಣ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಾಗಿಲಲ್ಲಿ ಯಾರ ಗುಂಪು ದೊಡ್ಡದೋ ಅವರೇ ಒಳಗೆ. ಗಂಟೆಗಟ್ಟಲೆ ಓಡುವಾಗ ಸ್ನಾಯುಗಳು ಬಿಸಿಎಎಯನ್ನು ಸುಡುತ್ತವೆ. ರಕ್ತಕ್ಕೆ ಇಳಿಯುವ ಕೊಬ್ಬಿನಾಮ್ಲಗಳು ಅಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡಿದ್ದ ಟ್ರಿಪ್ಟೊಫ್ಯಾನ್ ಅನ್ನು ಎಬ್ಬಿಸಿ ತಾವು ಕೂರುತ್ತವೆ. ಹೀಗೆ ಸೀಟು ಕಳೆದುಕೊಂಡ ಟ್ರಿಪ್ಟೊಫ್ಯಾನ್ ಬಾಗಿಲ ಬಳಿ ಹೆಚ್ಚಾಗುತ್ತದೆ. ಹಾಗಾದರೆ ಹೊರಗಿನಿಂದ ಬಿಸಿಎಎ ಕುಡಿಸಿ ಆ ನೂಕುನುಗ್ಗಲಲ್ಲಿ ಅದನ್ನು ಗೆಲ್ಲಿಸಬಹುದಲ್ಲವೇ?

ಕುಡಿಸಿ ನೋಡಿದರು. 1991ರಲ್ಲಿ ಪ್ರಕಟವಾದ, ಸ್ಟಾಕ್‌ಹೋಮ್ ಮ್ಯಾರಥಾನ್ ಓಟಗಾರರ ಮೇಲಿನ ಅಧ್ಯಯನದಲ್ಲಿ ನಿಧಾನವಾಗಿ ಓಡಿದವರಿಗೆ ತುಸು ಲಾಭ ಕಂಡಿತು, ವೇಗದವರಿಗೆ ಇಲ್ಲ. ಡಬ್ಬಿ ಮಾರುವವರು ಇಂದಿಗೂ ಇದನ್ನೇ ಹಿಡಿದು ಮಾತಾಡುತ್ತಾರೆ. ಆದರೆ ವೇಗದವರು, ನಿಧಾನದವರು ಎಂಬ ಗೆರೆ ಎಳೆದದ್ದು ಓಟ ಮುಗಿದ ಮೇಲೆ. ಯಾರು ಏನು ತಿಂದು ಬಂದಿದ್ದರು ಎಂಬುದರ ಮೇಲೆ ಹಿಡಿತವೂ ಇರಲಿಲ್ಲ. ನನಗೆ ಮುಖ್ಯವೆನಿಸುವುದು 1995ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಪ್ರಕಟಿಸಿದ್ದು. ಪಳಗಿದ ಹತ್ತು ಮಂದಿಯನ್ನು ಸೈಕಲ್ ಮೇಲೆ ಕೂರಿಸಿ, ಸಕ್ಕರೆ ನೀರಿಗೆ ಒಮ್ಮೆ ಟ್ರಿಪ್ಟೊಫ್ಯಾನ್, ಒಮ್ಮೆ ಕಡಿಮೆ ಬಿಸಿಎಎ, ಒಮ್ಮೆ ಹೆಚ್ಚು ಬಿಸಿಎಎ, ಒಮ್ಮೆ ಏನನ್ನೂ ಬೆರೆಸದೆ ಕೊಟ್ಟು, ಸುಸ್ತಾಗಿ ನಿಲ್ಲುವವರೆಗೆ ತುಳಿಸಿದರು. ನಾಲ್ಕೂ ಬಾರಿ ಹೆಚ್ಚುಕಡಿಮೆ 122 ನಿಮಿಷ. ದಣಿಸಬೇಕಾಗಿದ್ದ ಟ್ರಿಪ್ಟೊಫ್ಯಾನ್ ದಣಿಸಲಿಲ್ಲ, ಉಳಿಸಬೇಕಾಗಿದ್ದ ಬಿಸಿಎಎ ಉಳಿಸಲಿಲ್ಲ. ಹೆಚ್ಚು ಬಿಸಿಎಎ ಕುಡಿದಾಗ ರಕ್ತದಲ್ಲಿ ಅಮೋನಿಯಾ ಮಾತ್ರ ಏರಿತು. ಆಸ್ಟ್ರೇಲಿಯಾದ ಕ್ರೀಡಾ ಸಂಸ್ಥೆ ಪೂರಕಗಳನ್ನು ವಿಂಗಡಿಸುವ ತನ್ನ ಪಟ್ಟಿಯಲ್ಲಿ ಕೆಫೀನ್ ಅನ್ನು ‘ಎ’ ಗುಂಪಿನಲ್ಲಿಟ್ಟು, ಬಿಸಿಎಎಯನ್ನು ‘ಸಿ’ ಗುಂಪಿಗೆ, ಎಂದರೆ ಪ್ರಯೋಜನಕ್ಕೆ ಆಧಾರ ಸಾಲದವುಗಳ ಸಾಲಿಗೆ ತಳ್ಳಿದೆ.

ಇಂಧನವಾಗಿಯಾದರೂ ಉಪಯೋಗಕ್ಕೆ ಬರುತ್ತದೆಯೇ? ನಿಮ್ಮದೇ ಲೆಕ್ಕ ಹಾಕೋಣ. 70 ಕಿಲೋ ತೂಕದವರಿಗೆ ಒಂದು ಕಿಲೋಮೀಟರ್ ಓಡಲು ಸುಮಾರು 70 ಕ್ಯಾಲೊರಿ ಬೇಕು. ಡಬ್ಬಿಯ ಒಂದು ಚಮಚದಲ್ಲಿ 7 ಗ್ರಾಂ ಬಿಸಿಎಎ ಇದ್ದರೆ 28 ಕ್ಯಾಲೊರಿ. ಅಂದರೆ 400 ಮೀಟರ್, ಕ್ರೀಡಾಂಗಣದ ಒಂದು ಸುತ್ತು. ಉಳಿದ 41 ಕಿಲೋಮೀಟರ್‌ಗಳಿಗೆ ಬೇರೆ ಏನಾದರೂ ಬೇಕಲ್ಲ.

ಬೇಕಾದದ್ದು ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್). 28 ಕಿ.ಮೀ. ಬಳಿ ನಿಮ್ಮ ಕಾಲು ಸೋಲುವುದಕ್ಕೆ ನನ್ನ ಮೊದಲ ಅನುಮಾನವೂ ಅದರ ಮೇಲೆಯೇ. ಸ್ನಾಯು ಮತ್ತು ಯಕೃತ್ತು ಸೇರಿ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟ ಶರ್ಕರಪಿಷ್ಟ ಸುಮಾರು 2000 ಕ್ಯಾಲೊರಿಯಷ್ಟು. ಪೂರ್ಣ ಓಟಕ್ಕೆ ನಿಮಗೆ ತಗಲುವುದು ಹತ್ತಿರ ಹತ್ತಿರ 3000. ಕೊಬ್ಬು ಬೆಂಬಲಕ್ಕಿದೆ, ಆದರೆ ವೇಗಕ್ಕೆ ಒದಗುವುದಿಲ್ಲ. ಹಿಂದಿರುಗುವ ದಾರಿಯಲ್ಲಿ ಪೆಡ್ಡರ್ ರಸ್ತೆಯ ಏರು ಎದುರಾಗುವ ಹೊತ್ತಿಗೆ ಗಂಟು ಕರಗಿರುತ್ತದೆ. ಅದಕ್ಕೇ ಓಡುತ್ತಲೇ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಸೇವಿಸಬೇಕು ಎನ್ನುವುದು. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ 25 ಗ್ರಾಂ ಸಿಗುತ್ತದೆ; ಮುಂಬೈಯಲ್ಲಿ ಡಜನ್ ಲೆಕ್ಕದಲ್ಲಿ ಮಾರುವ ಪುಟ್ಟ ಯಾಲಕ್ಕಿ ಬಾಳೆಯಾದರೆ ಎರಡು ಮೂರು ಬೇಕು. ನಾನು ಅರ್ಧ ಲೀಟರ್ ನೀರಿಗೆ 35 ಗ್ರಾಂ ಬೆಲ್ಲ, ನಿಂಬೆರಸ, ಚಿಟಿಕೆ ಉಪ್ಪು ಹಾಕುತ್ತೇನೆ. ರಾಮನವಮಿಯ ಪಾನಕವೇ, ಏಲಕ್ಕಿ ಮೆಣಸಿನ ಖಾರವನ್ನು ಬಿಟ್ಟರಾಯಿತು. ತಮಾಷೆಯೆಂದರೆ, ಓಡುವಾಗ ಸಕ್ಕರೆ ಒಳಗೆ ಹೋದರೆ ರಕ್ತಕ್ಕೆ ಇಳಿಯುವ ಕೊಬ್ಬಿನಾಮ್ಲ ಕಡಿಮೆಯಾಗಿ ಟ್ರಿಪ್ಟೊಫ್ಯಾನ್ ತನ್ನ ಸೀಟಿನಲ್ಲೇ ಉಳಿಯುತ್ತದೆ. ನ್ಯೂಸ್‌ಹೋಮ್ ಅವರ ಬಾಗಿಲನ್ನು ಕಾಯುವ ಕೆಲಸವನ್ನೂ ಪಾನಕವೇ ಮಾಡಿಬಿಡುತ್ತದೆ.

ಓಟದ ಮರುದಿನದ ಸ್ನಾಯುನೋವಿಗೆ ಬಿಸಿಎಎಯಿಂದ ಅಲ್ಪಸ್ವಲ್ಪ ಆರಾಮ ಕಂಡ ಪ್ರಯೋಗಗಳಿವೆ. ಆದರೆ ಸ್ನಾಯು ಕಟ್ಟುವ ವಿಷಯಕ್ಕೆ ಬಂದರೆ ಲ್ಯೂಸಿನ್ ಮೇಸ್ತ್ರಿ ಇದ್ದಂತೆ. ಕೆಲಸ ಶುರು ಮಾಡಿ ಎಂದು ಕೂಗಬಲ್ಲದು. ಇಟ್ಟಿಗೆ ಬರಬೇಕಾದರೆ ಒಂಬತ್ತೂ ಅಮೈನೋ ಆಮ್ಲಗಳು ಬೇಕು. ಅದು ಸಿಗುವುದು ಊಟದಲ್ಲಿ. ದೂರ ಓಡುವವರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು, ನಿಮಗೆ 84 ಗ್ರಾಂನಿಂದ ಮೇಲೆ. ಅನ್ನದ ಮೇಲೆ ತಿಳಿಸಾರು ಹರಿಸಿ ಉಣ್ಣುವ ನಮ್ಮ ಮನೆಗಳಲ್ಲಿ ಇದು ನಿಜಕ್ಕೂ ಕೊರತೆ. ತೊಗರಿಬೇಳೆಯಲ್ಲಿ 100 ಗ್ರಾಂಗೆ 22 ಗ್ರಾಂ ಪ್ರೋಟೀನ್ ಇದೆ, ಸರಿ. ಆದರೆ ತಟ್ಟೆಗೆ ಬೀಳುವ ಸಾರಿನಲ್ಲಿ ಬೇಳೆ ಎಷ್ಟಿರುತ್ತದೆ? ಹುಳಿಯನ್ನು ಗಟ್ಟಿಯಾಗಿ ಮಾಡಿಸಿ, ಕಡಲೆಕಾಯಿ, ಮೊಸರು, ಪನೀರ್ ಹೆಚ್ಚಿಸಿ. 100 ಗ್ರಾಂ ಒಣ ಸೋಯಾ ಉಂಡೆಗಳಲ್ಲಿ 50 ಗ್ರಾಂಗೂ ಮೀರಿ ಪ್ರೋಟೀನ್ ಇದೆ. ಒಂದು ದೊಡ್ಡ ಲೋಟ ಹಾಲಿನ 8 ಗ್ರಾಂ ಪ್ರೋಟೀನ್‌ನಲ್ಲಿ ಒಂದೂವರೆ ಗ್ರಾಂನಷ್ಟು ಬಿಸಿಎಎಯೇ ಇರುತ್ತದೆ, ಉಳಿದ ಇಟ್ಟಿಗೆಗಳ ಸಮೇತ.

ತಂದ ಡಬ್ಬಿಯನ್ನು ಏನು ಮಾಡುವುದು? ಸೀಲ್ ಒಡೆದಿಲ್ಲವಾದರೆ ಅಂಗಡಿಗೆ ಹಿಂದಿರುಗಿಸಲು ನೋಡಿ. ಒಡೆದಿದ್ದರೆ, ಲೇಬಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಿ. ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಮಿಕ್ಕಂತೆ ಅಭ್ಯಾಸದ ದಿನಗಳಲ್ಲಿ ಕುಡಿದು ಮುಗಿಸಬಹುದು. ಈ ಭಾನುವಾರದ ದೂರದ ಓಟಕ್ಕೆ ಮಾತ್ರ ಪುಡಿ ಮನೆಯಲ್ಲೇ ಇರಲಿ. ಪಾನಕದ ಬಾಟಲಿ ಹಿಡಿದು ಹೊರಡಿ. ಮೊದಲ ಗುಟುಕು ಸುಸ್ತಾದ ಮೇಲಲ್ಲ, ಆರನೆಯ ಕಿಲೋಮೀಟರ್‌ನಲ್ಲಿ. 28 ದಾಟಿದಾಗ ಕಾಲು ಏನನ್ನುತ್ತದೆ ಎಂದು ಬರೆದು ತಿಳಿಸಿ.