ಮೇಷ್ಟ್ರು ಕೆಟ್ಟಿದ್ದು ಯಾವಾಗ?

ಬೆಳಗಿನ ಕಾಫಿ ಮುಂದೆ ಪ್ರೊಫೆಸರ್ ಇಮ್ಯಾನುಯೆಲ್ ರಾಟ್ ಕೂತಿದ್ದಾರೆ. ಕೈಯಲ್ಲಿ ಸಕ್ಕರೆ ಚೂರು. ಸಾಕಿದ ಹಕ್ಕಿಗೆ ಸಿಳ್ಳೆ ಹಾಕುತ್ತಾರೆ, ಉತ್ತರ ಇಲ್ಲ. ಎದ್ದು ನೋಡಿದರೆ ಪಂಜರದಲ್ಲಿ ಹಕ್ಕಿ ಸತ್ತಿದೆ. ಅದು ಹಾಡು ನಿಲ್ಲಿಸಿ ಎಷ್ಟೋ ದಿನ ಆಯಿತಲ್ಲ ಅನ್ನುತ್ತಾ ಮನೆಕೆಲಸದಾಕೆ ಅದನ್ನು ತಗೊಂಡು ಹೋಗಿ ಒಲೆಗೆ ಹಾಕುತ್ತಾಳೆ. ರಾಟ್ ಆ ಸಕ್ಕರೆಯನ್ನು ತಮ್ಮ ಕಾಫಿಗೇ ಹಾಕಿಕೊಳ್ಳುತ್ತಾರೆ.

‘ದ ಬ್ಲೂ ಏಂಜೆಲ್’ ಎಂದು ಜಗತ್ತು ಕರೆಯುವ ಜರ್ಮನ್ ಸಿನಿಮಾ ಹೀಗೆ ಶುರುವಾಗುತ್ತದೆ. 1930ರ ಏಪ್ರಿಲ್ 1ರಂದು ಬರ್ಲಿನ್ನಿನ ಗ್ಲೋರಿಯಾ ಪಲಾಸ್ಟ್‌ನಲ್ಲಿ ಮೊದಲ ಪ್ರದರ್ಶನ. ಕತೆ ಒಂದೇ ಸಾಲಿನದು. ಮರ್ಯಾದಸ್ಥ ಮೇಷ್ಟ್ರೊಬ್ಬರು ಕುಣಿಯುವ ಹೆಣ್ಣಿಗೆ ಮರುಳಾಗಿ, ಮದುವೆಯಾಗಿ, ಕೋಡಂಗಿಯಾಗಿ ಸಾಯುತ್ತಾರೆ. ಅವರನ್ನು ಕೆಡಿಸಿದ್ದು ಯಾರು ಅಂತ ಕೇಳಿದರೆ ಮಾತ್ರ ಒಂದೊಂದು ಕಾಲಕ್ಕೆ ಒಂದೊಂದು ಉತ್ತರ ಸಿಕ್ಕಿದೆ.

ಮೂಲ ಕತೆ 1905ರದ್ದು, ಹೈನ್ರಿಕ್ ಮಾನ್ ಬರೆದ ‘ಪ್ರೊಫೆಸರ್ ಉನ್‌ರಾಟ್’ ಕಾದಂಬರಿ. ಉನ್‌ರಾಟ್ ಅಂದರೆ ಕಸ, ಹೊಲಸು. ಮೇಷ್ಟ್ರ ಹೆಸರನ್ನು ತಿರುಚಿ ಹುಡುಗರು ಇಟ್ಟ ಅಡ್ಡಹೆಸರು. ಕಾದಂಬರಿಯ ಮೇಷ್ಟ್ರು ಪಾಪದವರಲ್ಲ. ಆಗಿನ ಜರ್ಮನಿಯಲ್ಲಿ ಹೈಸ್ಕೂಲು ಮೇಷ್ಟ್ರು ಅಂದರೆ ಕ್ಲಾಸಿನೊಳಗಿನ ಚಕ್ರವರ್ತಿ, ಇವರೂ ಹಾಗೇ. ನರ್ತಕಿಯನ್ನು ಮದುವೆಯಾಗಿ ಕೆಲಸ ಹೋದಮೇಲೆ ಸುಮ್ನೆ ಕೂರುವುದಿಲ್ಲ. ಜೂಜಿನ ಮನೆ ನಡೆಸುತ್ತಾರೆ. ಊರಿನ ದೊಡ್ಡ ಮನುಷ್ಯರೆಲ್ಲ ಅಲ್ಲಿಗೆ ಬಂದು ಹಾಳಾಗುತ್ತಾರೆ. ಮೇಷ್ಟ್ರು ನೋಡಿ ಖುಷಿ ಪಡುತ್ತಾರೆ. ಅಂದರೆ ಅಲ್ಲಿ ಕೆಡುವುದು ಒಬ್ಬರಲ್ಲ, ಊರಿಗೆ ಊರೇ.

ಆಮೇಲೆ ಜರ್ಮನಿ ಒಂದು ಯುದ್ಧ ಸೋತು, ದೇಶದ ಚಕ್ರವರ್ತಿ ಓಡಿಹೋಗಿ, 1923ರ ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಯಿತು. ಕೂಡಿಟ್ಟ ದುಡ್ಡಿಗೆ ಬೆಲೆ ಹೋದಾಗ ಮರ್ಯಾದೆಗೂ ಅಷ್ಟೇ ಬೆಲೆ. ಸಿನಿಮಾಗಳಲ್ಲಿ ಗೌರವಸ್ಥ ಗಂಡಸರು ಸಾಲಾಗಿ ಬೀಳತೊಡಗಿದ್ದೂ ಆಗಲೇ. ಅದೇ ವರ್ಷದ ‘ದೀ ಸ್ಟ್ರಾಸೆ’ಯಲ್ಲಿ ಒಬ್ಬ ಒಂದು ರಾತ್ರಿಯ ಆಸೆಗೆ ಮನೆಬಿಟ್ಟು ಹೋಗಿ, ಬೆಳಗ್ಗೆ ತಲೆ ತಗ್ಗಿಸಿ ವಾಪಸ್ ಬರುತ್ತಾನೆ. ಹೆಂಡತಿ ಸೂಪ್ ತಂದಿಡುತ್ತಾಳೆ. 1925ರ ‘ವರೀಟೆ’ಯಲ್ಲಿ ಇನ್ನೊಬ್ಬ ಕೊಲೆ ಮಾಡುತ್ತಾನೆ. 1929ರ ‘ಪಂಡೋರಾಸ್ ಬಾಕ್ಸ್’ನಲ್ಲಿ ಮತ್ತೊಬ್ಬ ಮದುವೆಯ ದಿನವೇ ಸಾಯುತ್ತಾನೆ. ಸೂಪ್ ಸಿಗುವ ಕಾಲ ಮುಗಿದಿತ್ತು.

ಉಫಾ ಕಂಪನಿ ‘ಬ್ಲೂ ಏಂಜೆಲ್’ ತೆಗೆಯಲು ಹೊರಟಿದ್ದು ಮಾತಿನ ಸಿನಿಮಾ ಆಗಷ್ಟೇ ಕಾಲಿಡುತ್ತಿದ್ದಾಗ. ನಾಯಕ ಎಮಿಲ್ ಯಾನಿಂಗ್ಸ್. ನಟನಿಗೆ ಕೊಡುವ ಮೊದಲ ಆಸ್ಕರ್ ಗೆದ್ದು, ಹಾಲಿವುಡ್ ಮಾತಾಡಲು ಶುರು ಮಾಡಿದ ಮೇಲೆ ಊರಿಗೆ ಮರಳಿದ್ದವರು. ನಿರ್ದೇಶಕ ಯೋಸೆಫ್ ಫಾನ್ ಸ್ಟರ್ನ್‌ಬರ್ಗ್ ಅಮೆರಿಕದಿಂದ ಬಂದರು. ನರ್ತಕಿ ಲೋಲಾ ಲೋಲಾಳ ಪಾತ್ರಕ್ಕೆ ಮಾರ್ಲೀನ್ ಡೀಟ್ರಿಶ್. ಆಗ ದೊಡ್ಡ ಹೆಸರೇನಲ್ಲ. ಉಫಾದ ಒಡೆತನ 1927ರಿಂದ ಆಲ್ಫ್ರೆಡ್ ಹುಗೆನ್‌ಬರ್ಗ್ ಕೈಯಲ್ಲಿತ್ತು. ಅವರು ಕಟ್ಟಾ ಬಲಪಂಥೀಯ ರಾಜಕಾರಣಿ, ಹೈನ್ರಿಕ್ ಮಾನ್ ಅದಕ್ಕೆ ಪೂರಾ ಉಲ್ಟಾ. ಜೂಜಿನ ಮನೆ, ಹಾಳಾಗುವ ದೊಡ್ಡ ಮನುಷ್ಯರು, ಇವೆಲ್ಲ ಸಿನಿಮಾದಲ್ಲಿ ಇಲ್ಲ. ಕಾದಂಬರಿಯ ಕೊನೆಯ ಭಾಗವೇ ಇಲ್ಲ. ಯಾರು ಬಿಡಿಸಿದರು ಅಂತ ಕೆದಕುವುದು ಬೇಡ. ಊರು ಪಾರಾಯಿತು, ಮೇಷ್ಟ್ರು ಮತ್ತು ಲೋಲಾ ಇಬ್ಬರೇ ಉಳಿದರು ಅನ್ನುವುದಷ್ಟೇ ಮುಖ್ಯ.

ಈ ಸಿನಿಮಾದಲ್ಲಿ ನನಗೆ ಇಷ್ಟವಾಗುವುದು ಬಾಗಿಲು. ಲೋಲಾ ಬಣ್ಣ ಹಚ್ಚಿಕೊಳ್ಳುವ ಕೋಣೆಯ ಬಾಗಿಲು ತೆಗೆದರೆ ಹೊರಗಿನ ಹಾಡು, ಗದ್ದಲ ಒಳಗೆ ನುಗ್ಗುತ್ತದೆ. ಮುಚ್ಚಿದರೆ ಗಪ್‌ಚುಪ್. ಅವಳ ಕುಣಿತ ನೋಡಲು ಕದ್ದು ಬರುವ ತಮ್ಮ ಶಾಲೆಯ ಹುಡುಗರನ್ನು ಹಿಡಿಯುತ್ತೇನೆ ಅಂತ ಬಂದ ಮೇಷ್ಟ್ರು ಆ ಕೋಣೆಯಲ್ಲಿ ಕಕ್ಕಾಬಿಕ್ಕಿ. ಲೋಲಾ ಅವರನ್ನು ಬಲೆಗೆ ಕೆಡವುವುದಿಲ್ಲ. ತಮಾಷೆ ಮಾಡುತ್ತಾಳೆ, ಆದರೂ ಅಕ್ಕರೆಯಿಂದ ಮಾತಾಡಿಸುತ್ತಾಳೆ. ಅಲ್ಲೇ ರಾತ್ರಿ ಕಳೆದ ಮೇಷ್ಟ್ರು ಬೆಳಗ್ಗೆ ಏಳುವಾಗ ಅವಳ ಕೋಣೆಯ ಹಕ್ಕಿ ಹಾಡುತ್ತಿರುತ್ತದೆ! ಅವರು ಮದುವೆ ಮಾತು ಎತ್ತಿದಾಗ ಅವಳಿಗೆ ನಗು ತಡೆಯಲಾಗುವುದಿಲ್ಲ.

ಮದುವೆ ಊಟದಲ್ಲಿ ಲೋಲಾ ಕುಣಿಯುವ ತಂಡದ ಜಾದೂಗಾರ ಮೇಷ್ಟ್ರ ಮೂಗಿನಿಂದ ಮೊಟ್ಟೆ ತೆಗೆಯುತ್ತಾನೆ. ಲೋಲಾ ಹೇಂಟೆಯ ಹಾಗೆ ಸದ್ದು ಮಾಡುತ್ತಾಳೆ. ಮೇಷ್ಟ್ರು ಖುಷಿಯಲ್ಲಿ ಹುಂಜದ ಹಾಗೆ ಕೂಗುತ್ತಾರೆ. ಎಲ್ಲರೂ ನಗುತ್ತಾರೆ, ಅವರೂ ನಗುತ್ತಾರೆ. ವರ್ಷಗಳು ಕಳೆದ ಮೇಲೆ ಅದೇ ಜಾದೂಗಾರ ಅದೇ ಕೂಗನ್ನು ವೇದಿಕೆಯ ಮೇಲೆ ಕೂಗಿಸುತ್ತಾನೆ. ಅದೂ ಎಲ್ಲಿ? ಅವರು ಪಾಠ ಹೇಳಿದ ಊರಿನಲ್ಲೇ. ಮುಖಕ್ಕೆ ಬಣ್ಣ, ತಲೆಯ ಮೇಲೆ ಒಡೆದ ಮೊಟ್ಟೆ, ಪಕ್ಕದಲ್ಲಿ ಹೆಂಡತಿ ಇನ್ನೊಬ್ಬನ ತೋಳಿನಲ್ಲಿ. ಆಗ ಹೊರಡುವ ಕೂಗು ಮನುಷ್ಯರದ್ದೂ ಅಲ್ಲ, ಕೋಳಿಯದ್ದೂ ಅಲ್ಲ. ಆ ರಾತ್ರಿ ಅವರು ಹಳೆಯ ಶಾಲೆಗೆ ನಡೆದು ಹೋಗಿ, ತಮ್ಮ ಮೇಜನ್ನು ತಬ್ಬಿ ಹಿಡಿದು ಸಾಯುತ್ತಾರೆ. ಕೈ ಬಿಡಿಸಲು ಕಾವಲುಗಾರನಿಗೆ ಆಗುವುದಿಲ್ಲ.

ಮೊದಲ ಸಲ ನೋಡಿದಾಗ ನನಗೂ ಲೋಲಾ ಮೇಲೆ ಸಿಟ್ಟು ಬಂದಿತ್ತು. ಈಗಲೂ ನೋಡಿ, ಮೇಷ್ಟ್ರಿಗೆ ‘ಅವರು’, ಲೋಲಾಗೆ ‘ಅವಳು’ ಅಂತಲೇ ಬರೆಯುತ್ತಿದ್ದೇನೆ ಅಲ್ವಾ.

ಹಾಡಿನ ವಿಷಯವೂ ಹೀಗೇ. ಫ್ರೀಡ್ರಿಶ್ ಹೊಲೆಂಡರ್ ಬರೆದ ಜರ್ಮನ್ ಹಾಡಿನಲ್ಲಿ ಲೋಲಾ ತಾನು ಅಡಿಯಿಂದ ಮುಡಿಯವರೆಗೆ ಪ್ರೀತಿಗೇ ಆದವಳು ಅನ್ನುತ್ತಾಳೆ. ದೀಪಕ್ಕೆ ಹುಳು ಬಂದು ಸುಟ್ಟುಕೊಂಡರೆ ತಾನೇನು ಮಾಡಲಿ ಅಂತಲೂ ಕೇಳುತ್ತಾಳೆ. ಸಿನಿಮಾವನ್ನು ಜೊತೆಜೊತೆಗೇ ಇಂಗ್ಲಿಷಿನಲ್ಲೂ ತೆಗೆದರು. ಅಲ್ಲಿ ಅದೇ ಹಾಡಿನ ಪಲ್ಲವಿ, ಮತ್ತೆ ಪ್ರೀತಿಯಲ್ಲಿ ಬೀಳುತ್ತಿದ್ದೇನೆ, ಬೇಕಂತ ಅಲ್ಲ ಅನ್ನುವ ಅರ್ಥಕ್ಕೆ ತಿರುಗಿತು. ಜರ್ಮನ್ ಲೋಲಾಳದ್ದು ಧೈರ್ಯದ ಮಾತು, ಇಂಗ್ಲಿಷ್ ಲೋಲಾಳದ್ದು ಹೆಚ್ಚುಕಡಿಮೆ ಕ್ಷಮೆ. ಜಾಸ್ತಿ ಜನ ಕೇಳಿದ್ದು ಎರಡನೆಯದನ್ನು.

ಮೊದಲ ಪ್ರದರ್ಶನದ ರಾತ್ರಿಯೇ ಡೀಟ್ರಿಶ್ ಅಮೆರಿಕಕ್ಕೆ ಹೊರಟರು. ಮೂರು ವರ್ಷಕ್ಕೆ ನಾಜಿಗಳು ಬಂದರು. ಸಿನಿಮಾಗೆ ನಿಷೇಧ, ಹೈನ್ರಿಕ್ ಮಾನ್ ಪುಸ್ತಕಗಳಿಗೆ ಬೆಂಕಿ. ಹೊಲೆಂಡರ್ ದೇಶ ಬಿಟ್ಟರು. ಜಾದೂಗಾರನ ಪಾತ್ರ ಮಾಡಿದ್ದ ಕುರ್ಟ್ ಗೆರೋನ್ ಯಹೂದಿ, 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಕೊಲ್ಲಲ್ಪಟ್ಟರು. ಯಾನಿಂಗ್ಸ್ ಅಲ್ಲೇ ಉಳಿದು ನಾಜಿ ಪ್ರಚಾರದ ಸಿನಿಮಾಗಳಲ್ಲಿ ನಟಿಸಿದರು, ಯುದ್ಧ ಮುಗಿದ ಮೇಲೆ ಅವರಿಗೆ ಸಿನಿಮಾ ಇರಲಿಲ್ಲ.

1947ರಲ್ಲಿ ವಿಮರ್ಶಕ ಜೀಗ್‌ಫ್ರೀಡ್ ಕ್ರಾಕವರ್ ಹೊಸ ಉತ್ತರ ಕೊಟ್ಟರು. ಮೇಷ್ಟ್ರನ್ನು ಹಿಂಸಿಸುವ ಆ ಹುಡುಗರಲ್ಲಿ ಅವರಿಗೆ ಮುಂದೆ ಬಂದ ನಾಜಿ ಹುಡುಗರು ಕಂಡರು. ಆಗಿದ್ದೆಲ್ಲ ಗೊತ್ತಿದ್ದು ಹಿಂದಿರುಗಿ ನೋಡಿದರೆ ಹಾಗೆ ಕಾಣುವುದು ಸಹಜವೇ. ಆಮೇಲಿನವರು ಲೋಲಾ ಪರ ನಿಂತರು: ದುಡಿದು ತಿನ್ನುವ ಹೆಣ್ಣು, ಸುಳ್ಳು ಹೇಳಿದ್ದೆಲ್ಲಿ? ನನಗನ್ನಿಸುವುದು, ಎಲ್ಲರೂ ‘ಯಾರು’ ಅಂತ ಕೇಳಿದರು. ಸಿನಿಮಾ ತೋರಿಸುವುದು ‘ಯಾವಾಗ’ ಅಂತ. ಲೋಲಾಳನ್ನು ಮೇಷ್ಟ್ರು ಇನ್ನೂ ಕಂಡೇ ಇರಲಿಲ್ಲ, ಹಕ್ಕಿ ಸತ್ತಿತ್ತು.

ಕತೆ ಆಮೇಲೂ ಊರೂರು ಸುತ್ತಿತು. 1959ರಲ್ಲಿ ಹಾಲಿವುಡ್ ಮತ್ತೆ ತೆಗೆಯಿತು, ಅದು ಜನರ ಮನಸ್ಸಿನಲ್ಲಿ ನಿಲ್ಲಲಿಲ್ಲ. 1981ರಲ್ಲಿ ಜರ್ಮನ್ ನಿರ್ದೇಶಕ ಫಾಸ್‌ಬಿಂಡರ್ ಇದನ್ನು 1950ರ ದಶಕದ ಪಶ್ಚಿಮ ಜರ್ಮನಿಗೆ ತಂದರು. ಅಲ್ಲಿ ಮೇಷ್ಟ್ರ ಜಾಗದಲ್ಲಿ ಲಂಚ ಮುಟ್ಟದ ಅಧಿಕಾರಿ. ಅವನು ಸಾಯುವುದಿಲ್ಲ, ಲೋಲಾಳನ್ನು ಮದುವೆಯಾಗಿ ಊರಿನ ವ್ಯವಹಾರದೊಳಗೆ ಆರಾಮಾಗಿ ಸೇರಿಕೊಳ್ಳುತ್ತಾನೆ. ಅದಕ್ಕೂ ಮೊದಲು, 1972ರಲ್ಲಿ, ನಮ್ಮ ಪಕ್ಕದ ಮರಾಠಿಯಲ್ಲಿ ವಿ. ಶಾಂತಾರಾಮ್ ಇದನ್ನು ಹಳ್ಳಿಯ ಮೇಷ್ಟ್ರು ಮತ್ತು ‘ತಮಾಷಾ’ ಅನ್ನುವ ಜನಪದ ಆಟದ ನರ್ತಕಿಯ ಕತೆ ಮಾಡಿದರು. ಹೆಸರು ‘ಪಿಂಜರಾ’, ಅಂದರೆ ಪಂಜರ. ಅಲ್ಲಿ ಮೇಷ್ಟ್ರು ಸತ್ತರು ಅಂತ ಹಳ್ಳಿ ನಂಬುತ್ತದೆ. ಕೊನೆಗೆ ಆ ಮೇಷ್ಟ್ರನ್ನು ಕೊಂದ ಆರೋಪದ ಮೇಲೆ ಸಿಕ್ಕಿಬೀಳುವುದು ಮೇಷ್ಟ್ರೇ. ನಾನೇ ಅವನು ಅಂದರೆ ಜೀವ ಉಳಿಯುತ್ತದೆ. ಹಳ್ಳಿಯವರು ಪೂಜಿಸುವ ಮೇಷ್ಟ್ರು ಹಾಗೇ ಉಳಿಯಲಿ ಅಂತ ಅವರು ಬಾಯಿ ಬಿಡುವುದಿಲ್ಲ.