ಐದು ಸೆಂಟಿಮೀಟರ್ ಎತ್ತರದ ಗಡಿ

ಎರಡು ಕೊರಿಯಾಗಳ ನಡುವಿನ ಗೆರೆಯ ಆಚೆಗೊಬ್ಬ, ಈಚೆಗೊಬ್ಬ. ಇಬ್ಬರೂ ಕಾವಲಿಗೆ ನಿಂತವರು, ಕಲ್ಲಿನಂಥ ಮುಖ. ಉತ್ತರ ಕೊರಿಯಾದವನು ಮೆಲ್ಲಗೆ ಗೊಣಗುತ್ತಾನೆ: ನಿನ್ನ ನೆರಳು ನಮ್ಮ ಕಡೆ ಬಂದಿದೆ, ಹುಷಾರು. ಇದೇ ಜೋಡಿ ರಾತ್ರಿಯಾದರೆ ಉತ್ತರದ ಕಾವಲುಮನೆಯಲ್ಲಿ ಕದ್ದು ಸೇರಿ, ಬಂದೂಕಿನ ಗುಂಡುಗಳನ್ನೇ ಕಲ್ಲು ಮಾಡಿಕೊಂಡು ಕಲ್ಲಾಟ ಆಡುತ್ತದೆ. ನಮ್ಮ ಊರಿನ ಹುಡುಗಿಯರು ಜಗಲಿಯ ಮೇಲೆ ಆಡುತ್ತಿದ್ದಂಥದೇ ಆಟ.

ಈ ದೃಶ್ಯಗಳಿರುವ, ಪಾರ್ಕ್ ಚಾನ್-ವೂಕ್ ನಿರ್ದೇಶನದ ದಕ್ಷಿಣ ಕೊರಿಯಾದ ಸಿನಿಮಾ 'ಜಾಯಿಂಟ್ ಸೆಕ್ಯುರಿಟಿ ಏರಿಯಾ' ತೆರೆಕಂಡದ್ದು 2000ದ ಸೆಪ್ಟೆಂಬರಿನಲ್ಲಿ. ಗಸ್ತಿಗೆ ಹೋದಾಗ ದಾರಿ ತಪ್ಪಿ ನೆಲಬಾಂಬಿನ ಮೇಲೆ ಕಾಲಿಟ್ಟ ದಕ್ಷಿಣದ ಸೈನಿಕನನ್ನು (ಲೀ ಬ್ಯುಂಗ್-ಹುನ್) ಉತ್ತರದ ಸಾರ್ಜೆಂಟ್ (ಸಾಂಗ್ ಕಾಂಗ್-ಹೋ) ಬದುಕಿಸುತ್ತಾನೆ. ಗೆಳೆತನ ಅಲ್ಲಿಂದ ಶುರು. ಮುಂದೆ ಎರಡೂ ಕಡೆಯಿಂದ ಇನ್ನೊಬ್ಬೊಬ್ಬ ಸೇರಿ ಗೆಳೆಯರು ನಾಲ್ವರಾಗುತ್ತಾರೆ. ಒಂದು ರಾತ್ರಿ ಗುಂಡು ಹಾರಿ, ಹೆಣ ಬಿದ್ದು, ತನಿಖೆ ನಡೆಯುತ್ತದೆ. ಕಥೆ ಇಷ್ಟೇ. ಆದರೆ ಆ ಗೆರೆ ಅಲ್ಲಿಗೆ ಬಂದದ್ದು ಹೇಗೆ ಎಂದು ಗೊತ್ತಿದ್ದರೆ ಸಿನಿಮಾ ಇನ್ನೊಂದು ಥರ ಕಾಣುತ್ತದೆ.

1953ರ ಜುಲೈ 27ರಂದು ಕೊರಿಯನ್ ಯುದ್ಧ ನಿಂತಿತು, ಮುಗಿಯಲಿಲ್ಲ. ಆದದ್ದು ಕದನವಿರಾಮ ಮಾತ್ರ. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ನಾಲ್ಕು ಕಿಲೋಮೀಟರ್ ಅಗಲದ ಸೇನಾರಹಿತ ವಲಯ ದೇಶವನ್ನು ಸೀಳಿತು. ಅದರ ನಡುವೆ, ಪಾನ್‌ಮುಂಜೊಮ್‌ನಲ್ಲಿ, ಎರಡೂ ಕಡೆಯವರು ಕೂತು ಮಾತಾಡಲು ಒಂದಿಷ್ಟು ಜಾಗ ಉಳಿಯಿತು. ಸಿನಿಮಾದ ಹೆಸರಿನಲ್ಲಿರುವುದು ಇದೇ ಜಾಗ. ಮೊದಲ 23 ವರ್ಷ ಆ ಜಾಗದೊಳಗೆ ಗೆರೆಯೇ ಇರಲಿಲ್ಲ. ಎರಡೂ ಕಡೆಯ ಕಾವಲಿನವರು ಒಂದೇ ಅಂಗಳದಲ್ಲಿ ಓಡಾಡಿಕೊಂಡಿದ್ದರು.

ಗೆರೆ ಬಂದದ್ದು ಒಂದು ಮರದ ದೆಸೆಯಿಂದ. ಪಾಪ್ಲರ್ ಮರವೊಂದು ಎರಡು ಚೌಕಿಗಳ ನಡುವಿನ ನೋಟಕ್ಕೆ ಅಡ್ಡವಾಗಿತ್ತು. 1976ರ ಆಗಸ್ಟ್ 18ರಂದು ದಕ್ಷಿಣದ ಕಡೆಯವರು ಅದರ ಕೊಂಬೆ ಸವರಲು ಹೋದಾಗ ಜಗಳ ಹತ್ತಿ, ಉತ್ತರದ ಸೈನಿಕರು ಅವರ ಜತೆಗಿದ್ದ ಇಬ್ಬರು ಅಮೆರಿಕನ್ ಅಧಿಕಾರಿಗಳನ್ನು ಕೊಂದರು. ಮರ ಕಡಿಯಲು ತಂದಿದ್ದ ಕೊಡಲಿಗಳೇ ಆಯುಧವಾದವು. ಮೂರು ದಿನದ ಮೇಲೆ ಅಮೆರಿಕ ಮರಳಿ ಬಂದು ಮರ ಉರುಳಿಸಿತು. ಬೆಂಗಾವಲಿಗೆ ಆಕಾಶದಲ್ಲಿ ಬಿ-52 ಬಾಂಬರ್‌ಗಳು! ಆಮೇಲೆ ಅಂಗಳ ಪಾಲಾಯಿತು. ಮಾತುಕತೆ ನಡೆಯುವ ನೀಲಿ ಕಟ್ಟಡಗಳ ನಡುವೆ ಕಾಂಕ್ರೀಟಿನ ಪಟ್ಟಿ ಹಾಸಿದರು. ಎತ್ತರ ಸುಮಾರು 5 ಸೆಂಟಿಮೀಟರ್. ನಮ್ಮ ಮನೆಗಳ ಹೊಸಿಲು ಅದಕ್ಕಿಂತ ಎತ್ತರ ಇರುತ್ತದೆ.

ಅದನ್ನು ದಾಟದಂತೆ ತಡೆದದ್ದು ಕೋವಿಯೊಂದೇ ಅಲ್ಲ. ದಕ್ಷಿಣದಲ್ಲಿ 1948ರಿಂದಲೂ ರಾಷ್ಟ್ರೀಯ ಭದ್ರತಾ ಕಾಯ್ದೆಯಿದೆ. ಅದರಡಿ ಉತ್ತರವನ್ನು ಹೊಗಳಿದರೂ ಅಪರಾಧವಾಗಬಹುದು. ಸಿನಿಮಾದವರಿಗೆ ಇದರ ಬಿಸಿ ಚೆನ್ನಾಗಿ ತಟ್ಟಿದೆ. ಉತ್ತರದ ಸೈನಿಕರನ್ನು ಮನುಷ್ಯರಂತೆ ತೋರಿಸಿದ್ದಕ್ಕೆ ನಿರ್ದೇಶಕ ಲೀ ಮಾನ್-ಹೀ 1965ರಲ್ಲಿ ಕಮ್ಯುನಿಸ್ಟ್ ವಿರೋಧಿ ಕಾಯ್ದೆಯಡಿ ಬಂಧನಕ್ಕೊಳಗಾದರು. ಹಾಗಿರುವಾಗ ಶತ್ರುವನ್ನೇ ಎಲ್ಲರ ಮೆಚ್ಚಿನ ಅಣ್ಣನನ್ನಾಗಿ ಮಾಡಿದ ಚಿತ್ರ ಥಿಯೇಟರಿಗೆ ಬಂದದ್ದು ಹೇಗೆ? ನನಗೆ ಕಾಣುವಂತೆ ಕಾಲ ಕೂಡಿಬಂತು. ಮೂಲವಾದ ಪಾರ್ಕ್ ಸಾಂಗ್-ಯೊನ್ ಅವರ ಕಾದಂಬರಿ 1997ರದು. ಮರುವರ್ಷವೇ ಪಾನ್‌ಮುಂಜೊಮ್‌ನ ಆ ಜಾಗದ ಬಂಕರಿನಲ್ಲಿ ದಕ್ಷಿಣದ ಲೆಫ್ಟಿನೆಂಟ್ ಒಬ್ಬ ಗುಂಡೇಟಿನಿಂದ ಸತ್ತ. ಆ ಸಾವಿನ ಬೆನ್ನಲ್ಲೇ, ದಕ್ಷಿಣದ ಕೆಲವರು ಉತ್ತರದವರ ಜತೆ ಗುಟ್ಟಾಗಿ ಒಡನಾಡುತ್ತಿದ್ದದ್ದು ಹೊರಬಿತ್ತು. 2000ದ ಜೂನ್‌ನಲ್ಲಿ ದಕ್ಷಿಣದ ಅಧ್ಯಕ್ಷ ಕಿಮ್ ದೇ-ಜುಂಗ್ ಉತ್ತರದ ರಾಜಧಾನಿ ಪ್ಯೋಂಗ್‌ಯಾಂಗ್‌ಗೆ ಹೋಗಿ ಅಲ್ಲಿನ ನಾಯಕ ಕಿಮ್ ಜೊಂಗ್-ಇಲ್ ಕೈಕುಲುಕಿದರು. ಮೂರೇ ತಿಂಗಳಿಗೆ ಚಿತ್ರ ಬಂತು. 50 ಲಕ್ಷಕ್ಕೂ ಹೆಚ್ಚು ಜನ ನೋಡಿದರು.

ಚಿತ್ರದ ಜಾಣತನವೆಲ್ಲ ದಕ್ಷಿಣದ ಚಾಕೊಲೇಟ್ ತಿಂಡಿ ಚಾಕೊಪೈ ತಿನ್ನುವ ಒಂದು ದೃಶ್ಯದಲ್ಲಿದೆ ಎನ್ನುತ್ತೇನೆ. ದಕ್ಷಿಣಕ್ಕೆ ಬಂದುಬಿಡು, ಇದನ್ನು ಹೊಟ್ಟೆ ತುಂಬ ತಿನ್ನಬಹುದು ಎಂದು ದಕ್ಷಿಣದ ಹುಡುಗ ಹೇಳಿದ್ದೇ ತಡ, ಬಾಯಿ ತುಂಬ ತುರುಕಿಕೊಂಡಿದ್ದ ಸಾರ್ಜೆಂಟ್ ಅದನ್ನು ಅಂಗೈಗೆ ಉಗುಳುತ್ತಾನೆ. ನಮ್ಮ ನಾಡೇ ಇದಕ್ಕಿಂತ ಒಳ್ಳೆಯ ತಿಂಡಿ ಮಾಡಬೇಕು, ಅದು ನನ್ನ ಕನಸು ಎನ್ನುತ್ತಾನೆ. ಅಲ್ಲಿವರೆಗೆ? ಉಗುಳಿದ್ದನ್ನು ಮತ್ತೆ ಬಾಯಿಗೆ ಹಾಕಿಕೊಳ್ಳುತ್ತಾನೆ.

ತನಿಖೆಗೆ ಬರುವ ಸ್ವಿಸ್ ಮೇಜರ್ ಸೋಫಿಯ ಹಿನ್ನೆಲೆ ನಮ್ಮ ಕೊಡಗನ್ನೂ ತಾಕುತ್ತದೆ. ಆಕೆಯ ತಂದೆ ಉತ್ತರಕ್ಕೂ ಬೇಡ, ದಕ್ಷಿಣಕ್ಕೂ ಬೇಡ ಎಂದ 76 ಕೊರಿಯನ್ ಯುದ್ಧಕೈದಿಗಳಲ್ಲಿ ಒಬ್ಬ. ಆ 76 ಮಂದಿ ಕಲ್ಪನೆಯಲ್ಲ. ಊರಿಗೆ ಮರಳಲೊಲ್ಲದ ಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. ಭಾರತೀಯ ಸೈನಿಕರು ತನ್ನ ನೆಲ ತುಳಿಯಕೂಡದೆಂದು ದಕ್ಷಿಣದ ಅಧ್ಯಕ್ಷ ಸಿಂಗ್ಮನ್ ರೀ ಹಟ ಹಿಡಿದಿದ್ದರಿಂದ ಅವರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು. 1954ರಲ್ಲಿ ಆ 76 ಕೊರಿಯನ್ನರು, 12 ಚೀನೀಯರು ನಮ್ಮ ಪಡೆಯ ಜತೆಯೇ ಹಡಗು ಹತ್ತಿ ಭಾರತಕ್ಕೆ ಬಂದರು.

2018ರ ಏಪ್ರಿಲ್‌ನಲ್ಲಿ ಉತ್ತರದ ನಾಯಕ ಕಿಮ್ ಜೊಂಗ್-ಉನ್, ದಕ್ಷಿಣದ ಆಗಿನ ಅಧ್ಯಕ್ಷ ಮೂನ್ ಜೇ-ಇನ್ ಕೈಕೈ ಹಿಡಿದು ಆ ಪಟ್ಟಿಯನ್ನು ಆಚೀಚೆ ದಾಟಿದರು. ಅಕ್ಟೋಬರಿಗೆ ಕಾವಲಿನವರ ಆಯುಧಗಳೂ ಹೋದವು. 2023ರ ಕೊನೆಗೆ ಪಿಸ್ತೂಲು ಮತ್ತೆ ಸೊಂಟಕ್ಕೆ ಬಂತು.

ಚಿತ್ರದ ಕೊನೆಯಲ್ಲಿ ಪ್ರವಾಸಿಯೊಬ್ಬ ಕ್ಲಿಕ್ಕಿಸಿದ ಕಪ್ಪುಬಿಳುಪು ಫೋಟೊ ಬರುತ್ತದೆ. ನಾಲ್ವರು ಗೆಳೆಯರೂ ಅದರಲ್ಲಿ ಸಿಕ್ಕಿಬಿದ್ದಿದ್ದಾರೆ: ಒಬ್ಬ ಹೆಜ್ಜೆ ಹಾಕುತ್ತಿದ್ದಾನೆ, ಒಬ್ಬ ನಗು ತಡೆಯಲಾರದೆ ನಿಂತಿದ್ದಾನೆ, ಮುಂದಿರುವವನು ಫೋಟೊ ತೆಗೆಯಬೇಡಿ ಎಂದು ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದಿದ್ದಾನೆ.